ಅಷ್ಟೂರಿನ ದಾರಿಯಲ್ಲಿ ಒಂದು ದಿನ: ಬಿಸಿಲ ನಡಿಗೆ ಕಲಿಸಿದ ಆರೋಗ್ಯಪಾಠ

ಶಿವರಾತ್ರಿ ಕಳೆಯಿತೆಂದರೆ ಬೀದರ ಸೀಮೆಯ ಬಿಸಿಲಿಗೆ ಮೊನಚು ಬರುತ್ತದೆ. ನಮ್ಮ ಭಾಗದ ಭಕ್ತರ ಪಾದಯಾತ್ರೆಗಳು ಸಾಗುವುದೂ ಅದೇ ಕಾಲದಲ್ಲಿ. ಹೋಳಿ ಹುಣ್ಣಿಮೆಯ ತರುವಾಯ ಅಷ್ಟೂರಿನಲ್ಲಿ ಜಾತ್ರೆ ನಡೆಯುತ್ತದೆ. ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಸಮಾಧಿಯನ್ನು ಮುಸ್ಲಿಮರು ಸಂತನ ನೆಲೆಯೆಂದು ಪೂಜ್ಯಭಾವದಿಂದ ಕಂಡರೆ, ಲಿಂಗಾಯತ ಭಕ್ತರು ಆತನಲ್ಲಿ ಅಲ್ಲಮಪ್ರಭುವನ್ನೇ ಕಾಣುತ್ತಾರೆ. ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಭಕ್ತರೊಡಗೂಡಿ ಕಾಲ್ನಡಿಗೆಯಲ್ಲಿ ಬಂದು ಇಲ್ಲಿ ಪೂಜೆ ಸಲ್ಲಿಸುವ ಪರಂಪರೆ ಇಂದಿಗೂ ನಿಂತಿಲ್ಲ. ಅಂಥ ದಾರಿಯ ಒಂದು ತುಣುಕನ್ನಾದರೂ ನಮ್ಮ ಕಾಲುಗಳಿಂದಲೇ ಅಳೆಯಬೇಕೆಂದು ಭಾಲ್ಕಿ, ಔರಾದ ಮತ್ತು ಬೀದರ ನಗರದ ಹದಿನಾಲ್ಕು ಜನ ಕಳೆದ ಫಾಲ್ಗುಣದ ಒಂದು ಭಾನುವಾರ ಹೊರಟೆವು. ಆ ದಿನದ ಅನುಭವವನ್ನು ಸದ್ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ಬೆಳಗಿನ ಆರು ಗಂಟೆಗೆ ಹಳೆಯ ನಗರದ ನಡುವೆ ನಿಂತಿರುವ, 71 ಅಡಿ ಎತ್ತರದ ಚೌಬಾರಾ ಗೋಪುರದ ಬಳಿ ಎಲ್ಲರೂ ಕೂಡಿದೆವು. ಅಲ್ಲಿಂದ ಪೂರ್ವಕ್ಕೆ ನಡೆದು ಅಷ್ಟೂರನ್ನು ನೋಡಿ ಬಿಸಿಲೇರುವುದರೊಳಗೆ ಮರಳುವುದು, ಸಂಜೆ ಕೋಟೆಯನ್ನು ಸುತ್ತುವುದು ನಮ್ಮ ಯೋಜನೆ. ಊರು ಹಿಂದಾದಂತೆ ಬಯಲು ತೆರೆದುಕೊಂಡಿತು. ಇದು ಮರಳುಗಾಡಲ್ಲ, ಆದರೂ ಬೇಸಿಗೆಯಲ್ಲಿ ಅದರ ತಮ್ಮನಂತೆಯೇ ಕಾಣುತ್ತದೆ. ಕೆಂಪು ಜಂಬಿಟ್ಟಿಗೆಯ ನೆಲ, ಒಣಗಿದ ಹುಲ್ಲು, ಅಲ್ಲೊಂದು ಬೇವು, ಇಲ್ಲೊಂದು ಹುಣಸೆ. ನೆರಳು ಸಿಗುವ ತಾಣಗಳನ್ನು ಬೆರಳಲ್ಲಿ ಎಣಿಸಬಹುದು.

ದಾರಿಯಲ್ಲಿ ಮೊದಲು ಸಿಗುವುದು ಚೌಖಂಡಿ. ಇರಾನಿನ ಕಿರ್ಮಾನಿನ ಸೂಫಿ ಸಂತ ಶಾಹ ನಿಅಮತುಲ್ಲಾ ವಲಿಯ ಮಗ ಖಲೀಲುಲ್ಲಾ ಅವರ ಸಮಾಧಿಯಿದು. ಎತ್ತರದ ಮೆಟ್ಟಿಲುಗಳ ಮೇಲೆ ಎಂಟು ಮುಖದ ಎರಡಂತಸ್ತಿನ ಕಟ್ಟಡ ನಿಂತಿದೆ. ಅದರಾಚೆ ಇಳಿದರೆ ಅಷ್ಟೂರಿನ ಗುಮ್ಮಟಗಳ ಸಾಲು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹ್ಮದ್ ಶಾಹ 1436ರಲ್ಲಿ ತೀರಿಕೊಂಡ. ಆತನ ಸಮಾಧಿಯ ಒಳಗೋಡೆಗಳಲ್ಲಿ ಬಂಗಾರ, ಹಿಂಗುಳದ ಬಣ್ಣಗಳು ಐದುನೂರು ವರ್ಷಗಳಾದರೂ ಪೂರ್ತಿ ಮಾಸಿಲ್ಲ. ಸಮೀಪದಲ್ಲೇ ಹುಮಾಯೂನ್ ಶಾಹನ ಗುಮ್ಮಟ ಅರ್ಧಕ್ಕೆ ಸೀಳಿ ನಿಂತಿದೆ. ಸಿಡಿಲು ಬಡಿದು ಹಾಗಾಯಿತೆಂದು ಜನ ಹೇಳುತ್ತಾರೆ. ಅರಸೊತ್ತಿಗೆಯೂ ಇಟ್ಟಿಗೆಯಂತೆಯೇ ಬಿರಿಯುವ ವಸ್ತುವೆಂಬುದನ್ನು ಅದರೆದುರು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ಮೆಟ್ಟಿಲ ಬಳಿ ನಡೆದದ್ದು

ಒಂಬತ್ತರ ಸುಮಾರಿಗೆ ಮರಳುವಾಗ ಏರು ದಾರಿ. ಚೌಖಂಡಿಯ ಮೆಟ್ಟಿಲ ಬಳಿ ನಮ್ಮಲ್ಲಿ ಹಿರಿಯರಾದ ಭಾಲ್ಕಿಯ ಅಪ್ಪಾರು ಕುಳಿತುಬಿಟ್ಟರು. ಅರವತ್ತೆಂಟರ ವಯಸ್ಸು, ಹನ್ನೆರಡು ವರ್ಷಗಳ ಸಕ್ಕರೆ ಕಾಯಿಲೆ. ಮೈ ಬೆವರುತ್ತಿತ್ತು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಬಿಸಿಲು ತಗಲಿತೆಂದು ನಾವೆಲ್ಲ ಗಾಬರಿಯಿಂದ ನೆರಳಿಗೆ ಕರೆದೊಯ್ದು ನೀರು ಕುಡಿಸಿದೆವು. ಸುಧಾರಿಸಲಿಲ್ಲ.

ಔರಾದಿನಿಂದ ಬಂದಿದ್ದ, ದಾದಿಯಾಗಿ ದುಡಿದ ತಂಗಿಯೊಬ್ಬಳು ಅವರ ಹಣೆ ಮುಟ್ಟಿ ನೋಡಿದಳು. "ಅಪ್ಪಾರೆ, ಮುಂಜಾನೆ ಏನ್ ಉಂಡೀರಿ?" ಎಂದು ಕೇಳಿದಳು. ಅವರು ನಸುಕಿನಲ್ಲಿ ಎದ್ದು ಇಷ್ಟಲಿಂಗ ಪೂಜೆ ಮುಗಿಸಿದ್ದರು. ಹೊತ್ತಾಯಿತೆಂದು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನುಂಗಿ, ಪ್ರಸಾದ ಸ್ವೀಕರಿಸದೆ ಹೊರಟಿದ್ದರು. ಮೂರು ಗಂಟೆಯ ನಡಿಗೆ, ಖಾಲಿ ಹೊಟ್ಟೆ, ಒಳಗೆ ಮಾತ್ರೆ. ರಕ್ತದ ಸಕ್ಕರೆ ಕುಸಿದಿತ್ತು. ಅವಳು ತಡಮಾಡದೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿದಳು. ಹದಿನೈದು ನಿಮಿಷಗಳಲ್ಲಿ ಅಪ್ಪಾರ ಕಣ್ಣು ತಿಳಿಯಾಯಿತು. ಮತ್ತೆ ಅರ್ಧ ರೊಟ್ಟಿ ತಿನ್ನಿಸಿ ವಾಹನದಲ್ಲಿ ವೈದ್ಯರ ಬಳಿ ಕರೆದೊಯ್ದೆವು.

ಬರಿಯ ನೀರು, ಬರಿಯ ನೆರಳು ಅಂದು ಅವರನ್ನು ಕಾಪಾಡುತ್ತಿರಲಿಲ್ಲ ಎಂಬುದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಬಿಸಿಲಿನ ಬಳಲಿಕೆಯೂ ಸಕ್ಕರೆಯ ಕುಸಿತವೂ ಒಂದರಂತೆ ಇನ್ನೊಂದು ಕಾಣುತ್ತವೆ. ಆದ್ದರಿಂದ ಮಧುಮೇಹವುಳ್ಳವರು ಹೀಗಾದಾಗ ಪ್ರಜ್ಞೆಯಿದ್ದು ನುಂಗಬಲ್ಲವರಾಗಿದ್ದರೆ ಮೊದಲು ಸಕ್ಕರೆ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.

ಪಾದಯಾತ್ರಿಗಳು ಗಮನಿಸಬೇಕಾದ ಸಂಗತಿಗಳು

ಪೂಜೆಯಾದ ಮೇಲೆ ಪ್ರಸಾದ, ಆಮೇಲೆ ಪಯಣ. ಈ ಕ್ರಮವನ್ನು ಅವಸರಕ್ಕೆ ಬಲಿಕೊಡಬಾರದು. ಯಾತ್ರೆಯ ದಿನಗಳಲ್ಲಿ ಸಕ್ಕರೆ ಕಾಯಿಲೆಯ ಹಾಗೂ ರಕ್ತದೊತ್ತಡದ ಮಾತ್ರೆಗಳ ಹೊತ್ತು, ಪ್ರಮಾಣಗಳನ್ನು ಮೊದಲೇ ವೈದ್ಯರಲ್ಲಿ ಕೇಳಿ ತಿಳಿಯಬೇಕು. ತಾವಾಗಿಯೇ ಮಾತ್ರೆ ಬಿಡುವುದೂ ಅಪಾಯವೇ. ಕಿಸೆಯಲ್ಲಿ ಸಕ್ಕರೆ ಅಥವಾ ಬೆಲ್ಲದ ಚೂರು ಇರಲಿ.

ಬಾಯಾರುವವರೆಗೆ ಕಾಯದೆ ಆಗಾಗ ಗುಟುಕು ಗುಟುಕಾಗಿ ನೀರು ಕುಡಿಯಬೇಕು. ಉಪ್ಪು ಬೆರೆಸಿದ ಮಜ್ಜಿಗೆ, ಜೋಳದ ಅಂಬಲಿ ನಮ್ಮ ಹಿರಿಯರು ಬಲ್ಲ ಮದ್ದು. ವಾಂತಿಭೇದಿಯಿಂದ ಬಳಲಿದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕೊಡಬಹುದು, ಉಪ್ಪು ಹೆಚ್ಚಾಗಬಾರದು.

ಮೈ ಕೆಂಡದಂತೆ ಕಾದು, ಜ್ವರಮಾಪಕ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿ, ಮಾತು ಅಡ್ಡಾದಿಡ್ಡಿಯಾದರೆ ಅದು ಬಿಸಿಲಾಘಾತ. ಆಗ ನೀರು ಸುರಿದು, ಗಾಳಿ ಬೀಸಿ ಮೈಯನ್ನು ತಣಿಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ಹರಕೆಯೆಂದು ಬರಿಗಾಲಲ್ಲಿ ನಡೆಯುವವರು ಹಲವರು. ಮಧುಮೇಹದಿಂದ ಪಾದದ ಸ್ಪರ್ಶ ಮಂದವಾದವರಿಗೆ ಕಾದ ಕಲ್ಲು ಸುಟ್ಟದ್ದೇ ತಿಳಿಯುವುದಿಲ್ಲ. ಆ ಗಾಯ ಕಾಲನ್ನೇ ಕಳೆಯಬಹುದು. ಅಂಥವರು ಪಾದರಕ್ಷೆ ಧರಿಸಿಯೇ ನಡೆಯಬೇಕು, ಪ್ರತಿ ಸಂಜೆ ಅಂಗಾಲನ್ನು ನೋಡಿಕೊಳ್ಳಬೇಕು. ಮೊಣಕಾಲು ನೋವುಳ್ಳವರಿಗೆ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಕೋಲಿನ ಆಸರೆ ನಾಚಿಕೆಯ ಸಂಗತಿಯಲ್ಲ. ಜಾತ್ರೆಗೆ ಒಂದೆರಡು ತಿಂಗಳ ಮೊದಲಿನಿಂದಲೇ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಬಿರುಸಾಗಿ ನಡೆದು ದೇಹವನ್ನು ಅಣಿಗೊಳಿಸುವುದು ಲೇಸು.

ನೆಲದೊಳಗಿನ ನೀರು

ಆ ಸಂಜೆ ನಾವು ಕೋಟೆಗೆ ಹೋಗಲಿಲ್ಲ. ಆರುನೂರು ವರ್ಷ ನಿಂತ ಕೋಟೆ ಇನ್ನೊಂದು ಭಾನುವಾರಕ್ಕೂ ಅಲ್ಲೇ ಇರುತ್ತದೆ. ಅಪ್ಪಾರನ್ನು ಬಿಟ್ಟು ಏರಲು ಯಾರಿಗೂ ಮನಸ್ಸಾಗಲಿಲ್ಲ. ಬಿಸಿಲು ತಗ್ಗಿದ ಮೇಲೆ ಎಲ್ಲರೂ ವಾಹನದಲ್ಲಿ ನೌಬಾದಿನ ಕರೇಜ್ ನೋಡಿ ಬಂದೆವು. ಇರಾನಿನ ವಿದ್ಯೆಯಿಂದ ಬಹಮನಿಗಳ ಕಾಲದಲ್ಲಿ ತೋಡಿದ ಈ ಸುರಂಗ ಬಾವಿಯ ಜಾಡನ್ನು ನೆಲದ ಮೇಲೆ ಸಾಲಾಗಿ ಬಾಯ್ತೆರೆದ ಗಾಳಿಗುಂಡಿಗಳು ತೋರುತ್ತವೆ. ಮಳೆನೀರು ತೂತುತೂತಾದ ಜಂಬಿಟ್ಟಿಗೆಯಲ್ಲಿ ಇಂಗಿ, ಕೆಳಗಿನ ಗಟ್ಟಿ ಕರಿಕಲ್ಲನ್ನು ಮುಟ್ಟಿ ಅಡ್ಡಕ್ಕೆ ಹರಿಯುತ್ತದೆ. ಆ ಹರಿವನ್ನು ಬಿಸಿಲಿಗೆ ಒಡ್ಡದೆ ಮಂದ ಇಳಿಜಾರಿನಲ್ಲಿ ಊರಿಗೆ ತಂದದ್ದು ಅವರ ಜಾಣ್ಮೆ.

ಮೇಲೆ ಸುಡುವ ಕಲ್ಲು, ಒಳಗೆ ತಂಪು ನೀರು. ಈ ನೆಲದಲ್ಲಿ ಬಾಳಿದವರು ಬಿಸಿಲಿನೊಡನೆ ಹಟಕ್ಕೆ ಬೀಳಲಿಲ್ಲ. ಅದನ್ನು ಅರಿತು, ಮುಂದಾಗಿ ಅಣಿಯಾಗಿ ಬಾಳಿದರು. ದೂರದ ದಾರಿ ಹಿಡಿಯುವ ಭಕ್ತರಿಗೂ ಅದೇ ನಮ್ಮ ವಿನಂತಿ. ಈ ವರ್ಷ ಅಪ್ಪಾರು ಮತ್ತೆ ಹೊರಡುತ್ತಿದ್ದಾರೆ. ಪೂಜೆ ಮುಗಿಸಿ, ಎರಡು ರೊಟ್ಟಿ ಉಂಡು, ರುಮಾಲಿನ ತುದಿಗೆ ಬೆಲ್ಲ ಕಟ್ಟಿಕೊಂಡು.