ಎದೆಯೊಳಗಿನ ಪಂಪು, ಮೈತುಂಬಾ ಪೈಪು

ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನ ಥಿನ್ ಸಿಲಿಂಡರ್ ಪಾಠ ನೆನಪಿದೆಯಾ? ಒಳಗಿನ ಒತ್ತಡ ಹೆಚ್ಚಾದರೆ ಗೋಡೆಯ ಮೇಲಿನ ಹೂಪ್ ಸ್ಟ್ರೆಸ್ ಹೆಚ್ಚು. ವ್ಯಾಸ ಹೆಚ್ಚಾದರೂ ಹೆಚ್ಚು. ಗೋಡೆ ದಪ್ಪ ಆದರೆ ಕಡಿಮೆ. ಎಕ್ಸಾಮ್ ಮುಗಿದ ಮೇಲೆ ನಾವು ಮರೆತ ಈ ಸೂತ್ರ ನಮ್ಮ ರಕ್ತನಾಳಗಳಿಗೂ ಹೆಚ್ಚುಕಡಿಮೆ ಹೊಂದುತ್ತೆ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತೆ. ಅಂದರೆ ಒಂದು ಲಕ್ಷ ಲೋಡ್ ಸೈಕಲ್!

ಬಿಪಿ 120/80 ಅಂತಾರಲ್ಲ, ಮೊದಲ ಸಂಖ್ಯೆ ಹೃದಯ ಹಿಂಡಿದಾಗಿನ ಒತ್ತಡ, ಎರಡನೆಯದು ಸಡಿಲಾದಾಗಿನದು. ಅಳತೆ ಪಾದರಸದ ಮಿಲಿಮೀಟರ್‌ನಲ್ಲಿ. ನೀರಿನ ಲೆಕ್ಕದಲ್ಲಿ 120 ಅಂದರೆ ಸುಮಾರು 1.6 ಮೀಟರ್ ಹೆಡ್. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬರ್ತಿದ್ದರೆ ಡಾಕ್ಟರು ಅದನ್ನು ಅಧಿಕ ರಕ್ತದೊತ್ತಡ ಅಂತಾರೆ.

ಆಗ ಏನಾಗುತ್ತೆ? ಮೊದಲು ಪೈಪಿನ ಕಥೆ. ಆರೋಗ್ಯವಂತ ಅಪಧಮನಿ ರಬ್ಬರಿನಂತೆ ಹಿಗ್ಗಿ ಕುಗ್ಗಿ ಪ್ರತಿ ಬಡಿತದ ಹೊಡೆತವನ್ನು ತಾಳಿಕೊಳ್ಳುತ್ತೆ. ಒತ್ತಡ ಸದಾ ಜಾಸ್ತಿ ಇದ್ದರೆ ಅದರ ಎಲಾಸ್ಟಿಕ್ ನಾರುಗಳು ಫಟೀಗ್ ಆಗಿ ಹರಿಯುತ್ತವೆ, ಗೋಡೆ ಗಡುಸಾಗುತ್ತೆ. ಒಳಪದರಕ್ಕೆ ಪೆಟ್ಟು ಬಿದ್ದಲ್ಲಿ ಕೊಬ್ಬು ಸೇರಿಕೊಂಡು ದಾರಿ ಕಿರಿದಾಗುತ್ತೆ. ಸಣ್ಣ ನಾಳಗಳಲ್ಲಿ ಹರಿವಿನ ತಡೆ ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮ. ತ್ರಿಜ್ಯ ಬರೀ 10% ಕಡಿಮೆಯಾದರೆ ತಡೆ 50%ಗೂ ಹೆಚ್ಚು ಏರುತ್ತೆ. ಇನ್ನೆಲ್ಲೋ ಗೋಡೆ ಬಲೂನಿನಂತೆ ಉಬ್ಬಿದರೆ ವ್ಯಾಸ ಹೆಚ್ಚಿ ಸ್ಟ್ರೆಸ್ ಇನ್ನೂ ಏರುತ್ತೆ. ಕೊನೆಗೆ ಅದು ಒಡೆಯಲೂಬಹುದು.

ಇನ್ನು ಪಂಪು. ಹೆಚ್ಚು ಒತ್ತಡದ ಎದುರು ರಕ್ತ ತಳ್ಳಬೇಕಾದ ಎಡ ಹೃತ್ಕುಕ್ಷಿ ತನ್ನ ಗೋಡೆಯನ್ನು ದಪ್ಪ ಮಾಡಿಕೊಳ್ಳುತ್ತೆ. ಸೂತ್ರದ ಪ್ರಕಾರ ಸರಿಯಾದ ಡಿಸೈನೇ! ಆದರೆ ದಪ್ಪ ಗೋಡೆ ಬಿಗಿಯಾಗಿರುತ್ತೆ, ಸರಿಯಾಗಿ ಸಡಿಲಗೊಂಡು ರಕ್ತ ತುಂಬಿಕೊಳ್ಳೋಕೆ ಆಗಲ್ಲ. ಅದಕ್ಕೆ ಆಮ್ಲಜನಕವೂ ಜಾಸ್ತಿ ಬೇಕು. ತಂದುಕೊಡಬೇಕಾದ ನಾಳಗಳೇ ಕಿರಿದಾಗಿರುತ್ತವೆ. ವರ್ಷಗಟ್ಟಲೆ ಹೀಗೇ ನಡೆದರೆ ಹೃದಯ ಸೋಲುತ್ತೆ.

ಕಷ್ಟ ಏನಂದ್ರೆ, ಇಷ್ಟೆಲ್ಲಾ ನಡೀತಿದ್ದರೂ ಸಾಮಾನ್ಯವಾಗಿ ನೋವಿಲ್ಲ, ತಲೆಸುತ್ತಿಲ್ಲ, ಅಲಾರಂ ಇಲ್ಲ. ಅದಕ್ಕೇ ಎಷ್ಟೋ ಮನೆಗಳಲ್ಲಿ ಈ ಮಾತು ಕೇಳಿಸುತ್ತೆ: "ಈಗ ಬಿಪಿ ನಾರ್ಮಲ್ ಇದೆ ಕಣೋ, ಮಾತ್ರೆ ಯಾಕೆ?" ನಾರ್ಮಲ್ ಇರೋದು ಮಾತ್ರೆಯಿಂದ. ಪ್ರೆಷರ್ ಮೀಟರ್ ಸರಿಯಾದ ಅಂಕಿ ತೋರಿಸ್ತಿದೆ ಅಂತ ಯಾರಾದರೂ ರೆಗ್ಯುಲೇಟರ್ ಕಿತ್ತು ಹಾಕ್ತಾರಾ? ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.

ನಾವೂ ಒಮ್ಮೆ ಅಳತೆ ಮಾಡಿಸೋಣ. ಅರ್ಧ ಗಂಟೆ ಮೊದಲಿಂದ ಕಾಫಿ, ಸಿಗರೇಟ್ ಬೇಡ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂತು, ತೋಳು ಎದೆಯ ಮಟ್ಟಕ್ಕಿಟ್ಟು ನೋಡಿಸಿ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಇರಲಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಹಾಸ್ಟೆಲ್ಲಿನ ಉಪ್ಪಿನಕಾಯಿ, ಚಿಪ್ಸು, ನೂಡಲ್ಸು ಎಲ್ಲಾ ಆ ಲೆಕ್ಕದಲ್ಲೇ ಬರುತ್ತೆ.

ಇವತ್ತು ಮನೆಗೆ ಫೋನ್ ಮಾಡಿದಾಗ "ಊಟ ಆಯ್ತಾ?" ಜೊತೆಗೆ ಇದನ್ನೂ ಕೇಳಿ: "ಅಪ್ಪಾ, ಬಿಪಿ ನೋಡಿಸಿ ಎಷ್ಟು ದಿನ ಆಯ್ತು?"