ಮಂಗಳೂರಿನಿಂದ ಲಕ್ಷದ್ವೀಪಕ್ಕೆ ದೋಣಿ ಸಾಗಣೆ

ಮಂಗಳೂರಿನಿಂದ ಲಕ್ಷದ್ವೀಪಕ್ಕೆ ವಾಹನವನ್ನು ನೇರವಾಗಿ ಓಡಿಸಿಕೊಂಡು ಏರಿಸಬಹುದಾದ ಹಡಗಿನ ವ್ಯವಸ್ಥೆ ಇಲ್ಲ. ಆದ್ದರಿಂದ ಟ್ರೇಲರ್ ಸಹಿತವಾದ ಸಣ್ಣ ದೋಣಿಯೂ ಅಕ್ಕಿ, ಸಿಮೆಂಟುಗಳಂತೆ ಸರಕಾಗಿಯೇ ಹೋಗಬೇಕು. ಇಂತಹ ಸರಕನ್ನು ಒಯ್ಯುವ ಮರದ ಯಂತ್ರಚಾಲಿತ ಹಡಗಿಗೆ ಮಂಜಿ ಎಂದು ಹೆಸರು.

ಈ ಜಲಮಾರ್ಗ ಹಳೆಯದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮೊದಲಾದ ಅಮಿನ್‌ದಿವಿ ದ್ವೀಪಗಳು 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ದ್ವೀಪವಾಸಿಗಳು ತೆಂಗಿನ ನಾರು, ಕೊಬ್ಬರಿಗಳನ್ನು ಮಂಗಳೂರಿಗೆ ತಂದು ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು.

ನೇತ್ರಾವತಿ ದಡದ ಜೆಪ್ಪುವಿನಿಂದ ಹಳೆ ಬಂದರಿನ ದಕ್ಕೆಗೆ ಕೆಲವೇ ಕಿಲೋಮೀಟರು. ಟ್ರೇಲರ್ ನಿಜವಾಗಿ ಉಪಯೋಗಕ್ಕೆ ಬರುವುದು ಇಷ್ಟು ದೂರಕ್ಕೇ. ದಕ್ಕೆಯಲ್ಲಿ ದೋಣಿಯನ್ನೂ ಟ್ರೇಲರನ್ನೂ ಬೇರ್ಪಡಿಸಿ ಎತ್ತುವುದು ಕ್ಷೇಮ. ಎಂಜಿನ್ ಕಳಚಿ, ಇಂಧನವನ್ನು ಬರಿದು ಮಾಡಿ, ಮುಂದೆ ಮತ್ತು ಹಿಂದೆ ಅಗಲವಾದ ಪಟ್ಟಿ ಹಾಕಿ ಎತ್ತಬೇಕು. ತೆಳುವಾದ ಹಗ್ಗ ಫೈಬರ್ ದೋಣಿಯ ಅಂಚನ್ನು ಸೀಳಬಹುದು. ಭಾರವಾದ ಟ್ರೇಲರ್ ಕೆಳಗಿನ ಅಂಕಣದಲ್ಲಿರಬೇಕು. ಭಾರ ಮೇಲೆ ಸೇರಿದಷ್ಟೂ ಮಂಜಿ ಹೆಚ್ಚು ಹೊಯ್ದಾಡುತ್ತದೆ, ಕಟ್ಟು ಸಡಿಲಿದ ಸರಕು ಒಂದೇ ಬದಿಗೆ ಜಾರಿದರೆ ಮಗುಚಲೂಬಹುದು. ಮೇಲಟ್ಟದ ದೋಣಿಯ ತಳದ ಬಿರಡೆಯನ್ನು ತೆಗೆದಿಡುವುದು ಒಳ್ಳೆಯದು; ಇಲ್ಲವಾದರೆ ಎರಚುವ ನೀರು ಅದರೊಳಗೇ ತುಂಬಿ ಭಾರವಾಗುತ್ತದೆ.

ಹಳೆ ಬಂದರು ಗುರುಪುರ ನದಿಯಲ್ಲಿದೆ. ಅಳಿವೆಯಲ್ಲಿ ಮರಳು ಶೇಖರವಾಗುವುದರಿಂದ ತುಂಬಿದ ಮಂಜಿ ಭರತವನ್ನು ಕಾದು ಹೊರಡುವುದುಂಟು. ಅಲ್ಲಿಂದ ಅಮಿನಿಗೆ ಸುಮಾರು 300 ಕಿ.ಮೀ. ತೆರೆದ ಕಡಲು. ಮುಂಗಾರಿನ ತಿಂಗಳುಗಳಲ್ಲಿ ಈ ಸಂಚಾರ ನಿಲ್ಲುತ್ತದೆ. ಮೇ ತಿಂಗಳಲ್ಲಿ ತಪ್ಪಿದ ಸರಕು ಮಳೆಗಾಲ ಮುಗಿಯುವವರೆಗೆ ದಕ್ಕೆಯಲ್ಲೇ ಉಳಿಯಬೇಕಾದೀತು. ದೋಣಿಯ ಜೊತೆಗೆ ಹೋಗುವ ಹೊರಗಿನವರು ದ್ವೀಪ ಪ್ರವೇಶದ ಪರವಾನಗಿಯನ್ನು ಮೊದಲೇ ಪಡೆದಿರಬೇಕು.