ಪೆದ್ದ ಧಣಿ, ಜಾಣ ಆಳು

ಬರ್ಟಿ ವೂಸ್ಟರ್ ಲಂಡನ್ನಿನ ಸಿರಿವಂತ ಯುವಕ. ದುಡಿಯಬೇಕಾದ ಅಗತ್ಯವಿಲ್ಲ. ಹೊತ್ತು ಕಳೆಯಲು ಡ್ರೋನ್ಸ್ ಕ್ಲಬ್ ಇದೆ, ಗದರಿಸಲು ಅಗಾಥಾ ಅತ್ತೆ ಇದ್ದಾಳೆ. ಮನಸ್ಸು ಚೊಕ್ಕ, ತಲೆ ಮಾತ್ರ ಚುರುಕಿಲ್ಲ. ಗೆಳೆಯರು ಏನು ಕೇಳಿದರೂ ಹೂಂ ಎಂದುಬಿಡುತ್ತಾನೆ, ಆಮೇಲೆ ಫಜೀತಿಗೆ ಬೀಳುತ್ತಾನೆ. ಅದರಿಂದ ಅವನನ್ನು ಮೇಲೆತ್ತುವವನು ಅವನ ಖಾಸಾ ಸೇವಕ ಜೀವ್ಸ್. ಇಷ್ಟೇ ಸಾಮಗ್ರಿ ಇಟ್ಟುಕೊಂಡು ಪಿ. ಜಿ. ವುಡ್‌ಹೌಸ್ 35 ಸಣ್ಣಕಥೆಗಳನ್ನೂ 11 ಕಾದಂಬರಿಗಳನ್ನೂ ಬರೆದರು. ಮೊದಲ ಕಥೆ ಬಂದದ್ದು 1915ರಲ್ಲಿ, ಕೊನೆಯ ಕಾದಂಬರಿ 1974ರಲ್ಲಿ.

ಆ ಮೊದಲ ಕಥೆಯಲ್ಲಿ ಜೀವ್ಸ್‌ಗೆ ಆಡಲು ಸಿಕ್ಕದ್ದು ಎರಡೇ ಮಾತು. ಬಾಗಿಲು ತೆರೆದು ಬಂದವರ ಹೆಸರು ಹೇಳಿ ಮರೆಯಾಗುವ ಆಳು, ಅಷ್ಟೇ. ಹೆಸರು ಸಿಕ್ಕದ್ದು ಕ್ರಿಕೆಟ್ ಮೈದಾನದಿಂದ. 1913ರಲ್ಲಿ ಚೆಲ್ಟನ್‌ಹ್ಯಾಮ್‌ನಲ್ಲಿ ವಾರ್ವಿಕ್‌ಷೈರ್ ತಂಡದ ಪರ್ಸಿ ಜೀವ್ಸ್ ಆಡಿದ್ದನ್ನು ವುಡ್‌ಹೌಸ್ ನೋಡಿದ್ದರು. ಆ ಆಟಗಾರ 1916ರ ಜುಲೈನಲ್ಲಿ ಸೊಮ್ ಯುದ್ಧದಲ್ಲಿ ಮಡಿದ. ಅದೇ ವರ್ಷ ಅವನ ಹೆಸರಿನ ಸೇವಕ ಕಥೆಯ ನಡುಮನೆಗೆ ಬಂದು ನಿಂತ.

ಜೀವ್ಸ್ ಕೆಲಸಕ್ಕೆ ಸೇರಿದ ಬಗೆಯನ್ನು ಹೇಳುವ ಕಥೆ ಆ 1916ರದ್ದೇ. ರೇಷ್ಮೆ ಕಾಲುಚೀಲ ಕದ್ದ ಹಳೆಯ ಆಳನ್ನು ಬರ್ಟಿ ಓಡಿಸಿರುತ್ತಾನೆ. ಹಿಂದಿನ ರಾತ್ರಿ ಕುಡಿದದ್ದು ಹೆಚ್ಚಾಗಿ ತಲೆ ಸಿಡಿಯುತ್ತಿರುವಾಗ ಜೀವ್ಸ್ ಬಂದು, ಹಸಿ ಮೊಟ್ಟೆ, ಕೆಂಪು ಮೆಣಸು ಬೆರೆಸಿದ ಒಂದು ಲೋಟ ಮದ್ದು ಕೊಡುತ್ತಾನೆ. ಕುಡಿದು ಮುಗಿಸುವಷ್ಟರಲ್ಲಿ ಕೆಲಸ ಖಾಯಂ. ಇತ್ತ ಬರ್ಟಿಯೊಡನೆ ಮದುವೆ ಗೊತ್ತಾದ ಹುಡುಗಿ ಫ್ಲಾರೆನ್ಸ್ ಅವನಿಗೆ ಒಂದು ಕೆಲಸ ಹಚ್ಚಿದ್ದಾಳೆ: ಅವನ ಚಿಕ್ಕಪ್ಪ ಬರೆದಿರುವ ಆತ್ಮಕಥೆ ಅಚ್ಚಿಗೆ ಹೋಗುವ ಮೊದಲೇ ಹಸ್ತಪ್ರತಿಯನ್ನು ಹಾಳುಮಾಡಬೇಕು. ಬರ್ಟಿ ಅದನ್ನು ಕದಿಯುತ್ತಾನೆ. ಜೀವ್ಸ್ ಸದ್ದಿಲ್ಲದೆ ಪ್ರಕಾಶಕರಿಗೆ ಕಳಿಸಿಬಿಡುತ್ತಾನೆ. ಮದುವೆ ಮುರಿಯುತ್ತದೆ. ಬರ್ಟಿ ಸಿಟ್ಟಿನಿಂದ ಅವನನ್ನು ಕಿತ್ತುಹಾಕುತ್ತಾನೆ. ಆಮೇಲೆ ಫ್ಲಾರೆನ್ಸ್ ಓದಲೆಂದು ಕೊಟ್ಟಿದ್ದ ತತ್ತ್ವಶಾಸ್ತ್ರದ ಪುಸ್ತಕ ತೆರೆದಾಗ, ತಾನು ಪಾರಾದದ್ದು ಎಂಥ ಸಂಸಾರದಿಂದ ಎಂಬುದು ಅರಿವಾಗುತ್ತದೆ. ಜೀವ್ಸ್‌ಗೆ ಇಷ್ಟವಿಲ್ಲದ ಚೌಕಳಿ ಸೂಟನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಬರ್ಟಿ ಸೋಲೊಪ್ಪಿಕೊಳ್ಳುವಾಗ ಉತ್ತರ ಸಿದ್ಧವಾಗಿರುತ್ತದೆ: ಅದು ನಿನ್ನೆ ರಾತ್ರಿಯೇ ತೋಟದ ಆಳಿನ ಪಾಲಾಗಿದೆ.

ಮುಂದಿನ ಕಥೆಗಳೆಲ್ಲ ಹುಟ್ಟುವುದು ಈ ಬೀಜದಿಂದಲೇ. ಬೇಡದ ಮದುವೆ, ಒಂದು ಒಪ್ಪದ ಉಡುಪು, ಹೇಳಿದ ಮಾತಿಗೆ ತಿರುಗಿ ನಡೆದರೂ ಹಿತವನ್ನೇ ಮಾಡುವ ಸೇವಕ. ಧಣಿಯನ್ನು ಉಳಿಸುವ ಉಪಾಯಕ್ಕೆ ಹೆಚ್ಚಿನ ಸಲ ಧಣಿಯ ಮಾನವೇ ಬೆಲೆ. ನರರೋಗ ತಜ್ಞ ಸರ್ ರಾಡರಿಕ್ ತನ್ನ ಮಗಳನ್ನು ಕೊಡುವ ಮುನ್ನ ಹುಡುಗನ ಬುದ್ಧಿ ನೆಟ್ಟಗಿದೆಯೇ ಎಂದು ನೋಡಲು ಊಟಕ್ಕೆ ಬರುತ್ತಾನೆ. ಅದೇ ಹೊತ್ತಿಗೆ ಬರ್ಟಿಯ ಮಲಗುವ ಕೋಣೆಯೊಳಗೆ ಬೆಕ್ಕುಗಳು! ಸಂಬಂಧ ತಪ್ಪುತ್ತದೆ, ಹುಚ್ಚನೆಂಬ ಹೆಸರು ಉಳಿಯುತ್ತದೆ.

ಯಜಮಾನನಿಗಿಂತ ಜಾಣನಾದ ಆಳು ಹೊಸಬನಲ್ಲ. ಪ್ರಾಚೀನ ರೋಮಿನ ಪ್ಲಾಟಸ್ ತನ್ನ ನಾಟಕಗಳಲ್ಲಿ ಅಂಥ ಗುಲಾಮರನ್ನು ಕುಣಿಸಿದ್ದ. 1784ರಲ್ಲಿ ಪ್ಯಾರಿಸ್ಸಿನ ರಂಗಕ್ಕೆ ಮದುಮಗನಾಗಿ ಬಂದ ಬೊಮಾರ್ಶೆಯ ಫಿಗಾರೋ ತನ್ನ ಹುಡುಗಿಗಾಗಿ ಧಣಿಯೊಡನೆಯೇ ಸೆಣಸಿದ. ಜೀವ್ಸ್‌ಗೆ ಇಂಥ ಜಗಳವಿಲ್ಲ. ವುಡ್‌ಹೌಸ್ ತಂದ ದೊಡ್ಡ ಹೊಸತು ಬೇರೆಯೇ, ಈ ಕಥೆಗಳ ಪ್ರಾಣವೂ ಅದೇ ಎಂದು ನಾನು ನಂಬುತ್ತೇನೆ: ಕಥೆ ಹೇಳುವ ಕೆಲಸವನ್ನು ಅವರು ಪೆದ್ದನಿಗೆ ಕೊಟ್ಟರು. ಶಾಲೆಯಲ್ಲಿ ಕಲಿತ ಕವಿತೆಗಳ ಅರ್ಧ ಸಾಲು, ಕ್ಲಬ್ಬಿನ ಪೋಲಿ ನುಡಿ, ಕುದುರೆ ಜೂಜಿನ ಲೆಕ್ಕ, ಎಲ್ಲವೂ ಬರ್ಟಿಯ ಬಾಯಲ್ಲಿ ಕಲಸಿ ಬರುತ್ತವೆ. ಮರೆತ ಸಾಲನ್ನು ಜೀವ್ಸ್ ತಗ್ಗಿದ ದನಿಯಲ್ಲಿ ಪೂರ್ತಿ ಮಾಡಿ ‘ಸರ್’ ಎನ್ನುತ್ತಾನೆ. ತನ್ನ ಸೋಲನ್ನೆಲ್ಲ ಮುಚ್ಚುಮರೆಯಿಲ್ಲದೆ ಒಪ್ಪಿಸುವ ಬರ್ಟಿಯ ಮೇಲೆ ನಮಗೆ ಅಕ್ಕರೆ ಹುಟ್ಟುತ್ತದೆ. ಉಪಾಯ ಹೊಳೆದ ಕ್ಷಣ ಅವನಿಗೆ ಕಾಣದ ಕಾರಣ ನಮಗೂ ಕಾಣುವುದಿಲ್ಲ. ಫಲ ಮಾತ್ರ ಮಂತ್ರದಂತೆ ಎದುರಿಗೆ ಬರುತ್ತದೆ.

ಇದನ್ನು ಪರೀಕ್ಷಿಸಲು ಲೇಖಕರೇ ಒಂದು ದಾರಿ ಬಿಟ್ಟಿದ್ದಾರೆ. 1922ರ ಒಂದೇ ಒಂದು ಕಥೆಯನ್ನು ಜೀವ್ಸ್ ಹೇಳುತ್ತಾನೆ. ಮನೆಗೆ ಮಕ್ಕಳು ಬರಲಿ ಎಂದು ಬರ್ಟಿ ಹಂಬಲಿಸುತ್ತಾನೆ. ಮಕ್ಕಳು ಬಂದರೆ ತನ್ನ ನೆಮ್ಮದಿ ಹೋಯಿತೆಂದು ತಿಳಿದ ಜೀವ್ಸ್ ಅವನನ್ನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಭಾಷಣಕ್ಕೆ ನಿಲ್ಲಿಸಿ ಬೆವರಿಳಿಸುತ್ತಾನೆ. ಜಾಣತನ ಇಲ್ಲಿ ಬಟಾಬಯಲಾಗಿದೆ, ಲೆಕ್ಕಾಚಾರ ಕಾಣುತ್ತದೆ, ನಗುವಿನೊಳಗೆ ಒಂದು ತಣ್ಣನೆಯ ಅಲಗು ತಾಗುತ್ತದೆ. ವುಡ್‌ಹೌಸ್ ಮತ್ತೆಂದೂ ಅವನ ಕೈಗೆ ಕಥೆ ಕೊಡಲಿಲ್ಲ.

1925ರ ‘ಕ್ಯಾರಿ ಆನ್, ಜೀವ್ಸ್’ ಸಂಕಲನದಲ್ಲಿ ಹತ್ತು ಕಥೆಗಳಿವೆ. ಕೆಲಸಕ್ಕೆ ಸೇರಿದ ಕಥೆ ಮೊದಲನೆಯದು, ಜೀವ್ಸ್ ಹೇಳುವ ಕಥೆ ಕೊನೆಯದು. ಹೊಸ ಓದುಗರು ಅಲ್ಲಿಂದಲೇ ಶುರು ಮಾಡಬಹುದು.